ಜೀವಕೋಶದ ಪೊರೆ: ದ್ವಿಸ್ತರಸಿದ್ಧಾಂತದ ಹೇತುವಿಚಾರ

ಜೀವಕೋಶವನ್ನು ಆವರಿಸಿರುವ ಪೊರೆಯು ಮೇದಸ್ಸಿನ ಎರಡು ಸ್ತರಗಳಿಂದಾದುದೆಂಬ ಸಿದ್ಧಾಂತವನ್ನು 1925ರಲ್ಲಿ ಹಾಲೆಂಡಿನ ಲೈಡನ್ ನಗರದ ಗೋರ್ಟರ್, ಗ್ರೆಂಡೆಲ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಕೆಂಪು ರಕ್ತಕಣಗಳ ಮೇದಸ್ಸನ್ನು ಅಸಿಟೋನ್ ದ್ರವದಿಂದ ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಲು, ಅದು ವ್ಯಾಪಿಸಿದ ಕ್ಷೇತ್ರವು ಆ ಕಣಗಳ ಮೇಲ್ಮೈಗೆ ಸುಮಾರು ಇಮ್ಮಡಿಯಾಗಿ ಕಂಡುಬಂದಿತು. ಆದರೆ ಅಸಿಟೋನಿನಿಂದ ಮೇದಸ್ಸೆಲ್ಲವೂ ಹೊರಬಂದಿರಲಿಲ್ಲ. ಒಣಗಿದ ಕಣಗಳನ್ನು ಅಳೆದುದರಿಂದ ಮೇಲ್ಮೈಯ ಪರಿಮಾಣವೂ ನಿಜಕ್ಕಿಂತ ಕಡಮೆಯಾಗಿತ್ತು. ಈ ಎರಡು ದೋಷಗಳು ಒಂದನ್ನೊಂದು ಸರಿದೂಗಿಸಿದುವೆಂಬುದು 1966ರ ಪರಿಶೋಧನೆಯಿಂದ ವ್ಯಕ್ತವಾಯಿತು. ಧೂಳನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಅನುಮಾನಿಸಿದವನಿಗೆ ಅಲ್ಲಿ ನಿಜವಾಗಿಯೂ ಬೆಂಕಿಯೇ ದೊರೆತಂತಾಯಿತು. ಹೇತುವು ದುಷ್ಟವಾಗಿದ್ದರೂ ಸಾಧ್ಯವು ಸತ್ಯವಾಗಿದ್ದಿತು. ಕ್ಷ-ಕಿರಣಪರೀಕ್ಷೆಯೇ ಮೊದಲಾದ ಸ್ವತಂತ್ರ ಪ್ರಮಾಣಗಳಿಂದ ಅದು ಮುಂದೆ ಸ್ಥಿರಪಟ್ಟಿತು. ಆದುದರಿಂದ ಸಿದ್ಧಾಂತದ ಸತ್ಯತ್ವವನ್ನೇ ಅದರ ಮೊದಲ ಪ್ರಮಾಣದ ಶುದ್ಧಿಗೆ ಸಾಕ್ಷಿಯಾಗಿ ಹಿಡಿಯುವುದು ಯುಕ್ತವಲ್ಲ.