ಸಾಲದ ಕಾರಿನ ವಿದೇಶ ಸಾಗಣೆ

ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಸಾಲದಲ್ಲಿ ಕೊಂಡ ಕಾರನ್ನು, ಸಾಲ ತೀರುವ ಮೊದಲೇ, ನೆಲೆ ಬದಲಿಸುವ ಸಲುವಾಗಿ ಬೇರೊಂದು ದೇಶಕ್ಕೆ ಒಯ್ಯುವುದು. ಇದರಲ್ಲಿ ಮೂರು ಕಡೆಯವರ ಮಾತು ನಡೆಯುತ್ತದೆ: ಸಾಲ ಕೊಟ್ಟವರು (ಸಾಲಿಗರು), ಬಿಟ್ಟು ಹೊರಡುವ ದೇಶದ ಅಧಿಕಾರಿಗಳು, ಹೋಗಿ ಸೇರುವ ದೇಶದ ಕಸ್ಟಮ್ಸ್ ಮತ್ತು ಸಾರಿಗೆ ಇಲಾಖೆ. ಮೂವರಲ್ಲಿ ಒಪ್ಪಿಸಲು ಹೆಚ್ಚು ಕಷ್ಟವಾಗುವುದು ಸಾಲ ಕೊಟ್ಟವರನ್ನೇ. ಆದರೂ ಹಡಗಿನ ಬಾಡಿಗೆ, ಸುಂಕ, ಹೊಸ ಊರಿನ ಲೈಸೆನ್ಸ್ ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ ಕೊನೆಗೆ ಬ್ಯಾಂಕಿಗೆ ಹೋಗುವವರೇ ಹೆಚ್ಚು. ಈ ಕ್ರಮ ತಲೆಕೆಳಗಾದದ್ದು. ಬ್ಯಾಂಕಿನ ಉತ್ತರ ಕೈಸೇರುವವರೆಗೆ ಉಳಿದ ಯಾವುದಕ್ಕೂ ಮುಂಗಡ ಕೊಡಬಾರದು.

ಸಾಲಿಗರು ಏಕೆ ಒಪ್ಪುವುದಿಲ್ಲ

ಕಾರಿನ ಸಾಲಕ್ಕೆ ಕಾರೇ ಆಧಾರ. ಕಂತು ನಿಂತರೆ ಬ್ಯಾಂಕ್ ಗಾಡಿಯನ್ನು ವಶಪಡಿಸಿಕೊಂಡು ಮಾರಿ ಬಾಕಿ ವಸೂಲು ಮಾಡಿಕೊಳ್ಳುತ್ತದೆ. ಈ ಹಕ್ಕು ನಿಂತಿರುವುದು ಆಯಾ ದೇಶದ ನೋಂದಣಿ ದಾಖಲೆಯ ಮೇಲೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ (ಆರ್‌ಸಿ) ಹೈಪೊಥಿಕೇಶನ್, ಅಂದರೆ ಕಾರು ಸಾಲಕ್ಕೆ ಆಧಾರವಾಗಿದೆ ಎಂಬುದು, ನಮೂದಾಗಿರುತ್ತದೆ. ಅಮೆರಿಕದ ರಾಜ್ಯಗಳಲ್ಲಿ ಕಾರಿನ ಟೈಟಲ್ (ಮಾಲೀಕತ್ವ) ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಲೀನ್ ಉಳ್ಳವರೆಂದು, ಅಂದರೆ ಕಾರಿನ ಮೇಲೆ ಸಾಲದ ಹಕ್ಕುಳ್ಳವರೆಂದು, ಬರೆದಿರುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ನಮ್ಮ ಕರಾವಳಿಯವರು ಮುಲ್ಕಿಯಾ ಎಂದೇ ಕರೆಯುವ ನೋಂದಣಿ ಕಾರ್ಡಿನಲ್ಲಿ ಅಡಮಾನ ಕಾಣಿಸುತ್ತದೆ. ಆ ದೇಶದೊಳಗೆ ಯಾರು ಕಾರು ಕೊಂಡರೂ ಈ ನಮೂದು ಅವರ ಕಣ್ಣಿಗೆ ಬೀಳುತ್ತದೆ.

ಗಡಿ ದಾಟಿದ ಮೇಲೆ ಈ ರಕ್ಷಣೆ ಸಡಿಲವಾಗುತ್ತದೆ. ಒಂದು ವಸ್ತುವಿನ ಮೇಲಿನ ಹಕ್ಕನ್ನು ಅದು ಇರುವ ಜಾಗದ ಕಾನೂನಿನಂತೆ ತೀರ್ಮಾನಿಸುವುದು ಬಹುತೇಕ ದೇಶಗಳ ರೂಢಿ. ಹೊಸ ದೇಶದ ದಫ್ತರದಲ್ಲಿ ಹಳೆಯ ಬ್ಯಾಂಕಿನ ಹೆಸರೇ ಇರುವುದಿಲ್ಲವಾದ್ದರಿಂದ ಅಲ್ಲಿ ಕಾರು ಕೊಳ್ಳುವವರಿಗೆ ಅದು ಸಾಲವಿಲ್ಲದ ಗಾಡಿಯಾಗಿಯೇ ತೋರಬಹುದು. ವಿಮಾನಗಳ ವಿಷಯದಲ್ಲಿ ಈ ತೊಡಕಿಗೆ ಪರಿಹಾರವಿದೆ. 2001ರಲ್ಲಿ ಕೇಪ್‌ಟೌನ್‌ನಲ್ಲಿ ಆದ ಒಪ್ಪಂದದಂತೆ ವಿಮಾನದ ಮೇಲಿನ ಸಾಲದ ಹಕ್ಕನ್ನು ಅಂತರರಾಷ್ಟ್ರೀಯ ದಫ್ತರವೊಂದರಲ್ಲಿ ದಾಖಲಿಸಬಹುದು, ಸದಸ್ಯ ದೇಶಗಳು ಅದನ್ನು ಮಾನ್ಯ ಮಾಡುತ್ತವೆ. ರೈಲು ಗಾಡಿಗಳಿಗೂ ಬಾಹ್ಯಾಕಾಶ ಸಾಧನಗಳಿಗೂ ಪ್ರತ್ಯೇಕ ಪ್ರೋಟೊಕಾಲ್‌ಗಳು ರೂಪುಗೊಂಡವು. ಖಾಸಗಿ ಕಾರಿಗೆ ಮಾತ್ರ ಅಂಥದ್ದೇನೂ ಇಲ್ಲ. ಸಾಲದ ಕರಾರಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ಲಿಖಿತ ಅನುಮತಿಯಿಲ್ಲದೆ ವಾಹನವನ್ನು ದೇಶದ ಹೊರಗೆ ಒಯ್ಯಕೂಡದೆಂಬ ಷರತ್ತು ಇರುವುದು ಇದೇ ಕಾರಣಕ್ಕೆ. ಸಾಲಗಾರ ಪ್ರಾಮಾಣಿಕನೇ ಇರಬಹುದು, ಆದರೆ ಬ್ಯಾಂಕ್ ಲೆಕ್ಕ ಹಾಕುವುದು ಕಂತು ನಿಂತ ದಿನ ಕಾರು ಎಲ್ಲಿರುತ್ತದೆ ಎಂಬುದನ್ನು.

ಕಾರು ಯಾರದು ಎಂಬ ಪ್ರಶ್ನೆಗೂ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಭಾರತ, ಅಮೆರಿಕಗಳ ಸಾಮಾನ್ಯ ಕಾರ್ ಲೋನ್‌ನಲ್ಲಿ ಮಾಲೀಕತ್ವ ಕೊಂಡವರದು, ಬ್ಯಾಂಕಿನದು ಅದರ ಮೇಲಿನ ಹಕ್ಕು ಮಾತ್ರ. ಬ್ರಿಟನ್ನಿನಲ್ಲಿ ಬಹಳವಾಗಿ ಬಳಕೆಯಲ್ಲಿರುವ ಹೈರ್ ಪರ್ಚೇಸ್ ಪದ್ಧತಿಯಲ್ಲಿ ಕೊನೆಯ ಕಂತು ಕಟ್ಟುವವರೆಗೂ ಕಾರು ಹಣಕಾಸು ಸಂಸ್ಥೆಯದೇ. ಲೀಸ್ ಕಾರು ಎಂದಿಗೂ ಬಳಸುವವರದ್ದಲ್ಲ. ಹೊಸ ದೇಶದ ಸುಂಕ ವಿನಾಯಿತಿ ಅನೇಕ ಕಡೆ ಸ್ವಂತ ವಸ್ತುವಿಗಷ್ಟೇ ಅನ್ವಯಿಸುವುದರಿಂದ ಈ ವ್ಯತ್ಯಾಸಕ್ಕೆ ಹಣದ ಬೆಲೆಯೂ ಇದೆ.

ಅಮೆರಿಕದಿಂದ ಕೆನಡಾಕ್ಕೆ

ಈ ವಿಷಯ ಅತಿ ಸ್ಪಷ್ಟವಾಗಿ ಕಾಣುವುದು ಅಮೆರಿಕ–ಕೆನಡಾ ಗಡಿಯಲ್ಲಿ. ಎರಡೂ ಕಡೆ ಬಲಗಡೆಯ ಸಂಚಾರ, ಹತ್ತಿರ ಹತ್ತಿರದ ತಾಂತ್ರಿಕ ಮಾನದಂಡ, ನಡುವೆ ಸಮುದ್ರವಿಲ್ಲ. ಎಚ್‌-1ಬಿ ವೀಸಾ ಮುಗಿಯುತ್ತ ಬಂದು, ಗ್ರೀನ್ ಕಾರ್ಡಿನ ಸರದಿ ಕಾದು ದಣಿದು ಟೊರಾಂಟೊ, ವ್ಯಾಂಕೂವರ್‌ಗಳತ್ತ ಹೊರಡುವವರಲ್ಲಿ ಬೆಂಗಳೂರು, ಮೈಸೂರುಗಳಿಂದ ಹೋದ ಎಂಜಿನಿಯರುಗಳೂ ಇದ್ದಾರೆ. ಕಾರನ್ನು ಸ್ವತಃ ಓಡಿಸಿಕೊಂಡೇ ಹೋಗಬಹುದೆಂಬ ಸಲಿಗೆಯಲ್ಲಿ ಹಲವರು ಕಾಗದಪತ್ರವನ್ನು ಹಗುರಾಗಿ ಎಣಿಸುತ್ತಾರೆ.

ಅಮೆರಿಕದ ಕಸ್ಟಮ್ಸ್ ನಿಯಮಗಳ ಪ್ರಕಾರ, ಬಳಸಿದ ವಾಹನವನ್ನು ರಫ್ತು ಮಾಡುವವರು ಟೈಟಲ್ ಪತ್ರದ ಮೂಲ ಅಥವಾ ದೃಢೀಕೃತ ಪ್ರತಿಯನ್ನು, ಜತೆಗೆ ಎರಡು ನಕಲುಗಳನ್ನು ಒಪ್ಪಿಸಬೇಕು. ಭೂಗಡಿಯಲ್ಲಾದರೆ ದಾಖಲೆಗಳು ಕನಿಷ್ಠ 72 ಗಂಟೆ ಮೊದಲು ತಲುಪಿರಬೇಕು, ಬಂದರಿನಲ್ಲಾದರೆ ದಾಖಲೆಯ ಜತೆ ಕಾರೂ ಅಷ್ಟು ಮುಂಚೆ ಅಲ್ಲಿರಬೇಕು. ಕದ್ದ ಕಾರುಗಳು ಹಡಗು ಹತ್ತಿ ಮಾಯವಾಗುವುದನ್ನು ತಡೆಯಲು ಮಾಡಿದ ನಿಯಮವಿದು. ಜತೆಗೆ ರಫ್ತಿನ ವಿವರವನ್ನು ಸರ್ಕಾರದ ಗಣಕ ವ್ಯವಸ್ಥೆಯಲ್ಲಿ ದಾಖಲಿಸಿ ಅದರ ಸಂಖ್ಯೆ ಪಡೆಯಬೇಕು.

ಸಾಲದ ಕಾರಿಗೆ ಇದರ ಮೇಲೆ ಇನ್ನೊಂದು ಕಾಗದ ಬೇಕು. ಅದು ಸಾಲ ಕೊಟ್ಟ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿರಬೇಕು. ಅದರಲ್ಲಿ ವಾಹನದ ಪೂರ್ಣ ವಿವರವೂ 17 ಅಂಕೆ–ಅಕ್ಷರಗಳ ವಿಐಎನ್ ಸಂಖ್ಯೆಯೂ ಇರಬೇಕು. ಈ ವಾಹನವನ್ನು ರಫ್ತು ಮಾಡಬಹುದೆಂದು ನೇರ ಮಾತಿನಲ್ಲಿ ಹೇಳಿರಬೇಕು. ವಿಚಾರಿಸಲು ಫೋನ್ ಸಂಖ್ಯೆ, ಸಹಿ ಮಾಡಿದ ತಾರೀಖು, ಮೂಲ ಸಹಿ ಬೇಕು. ಗ್ರಾಹಕನ ಕಂತುಗಳು ಸರಿಯಾಗಿ ಪಾವತಿಯಾಗುತ್ತಿವೆ ಎಂದಷ್ಟೇ ಬರೆದ ಸಾಮಾನ್ಯ ಪತ್ರ ಗಡಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಂಕಿನ ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಸಿಗುವ ಬಾಯಿಮಾತಿನ ಒಪ್ಪಿಗೆಗಂತೂ ಬೆಲೆಯೇ ಇಲ್ಲ. ಕೇಳುವಾಗಲೇ ಈ ಅಂಶಗಳನ್ನು ಬರೆದುಕೊಟ್ಟು, ಹೀಗೇ ಬೇಕೆಂದು ಹೇಳುವುದು ಒಳ್ಳೆಯದು. ಬ್ಯಾಂಕಿನ ನೌಕರರಿಗೂ ಇಂಥ ಪತ್ರ ಬರೆಯುವ ಸಂದರ್ಭ ಅಪರೂಪ.

ಟೈಟಲ್ ಪತ್ರವೇ ಕೈಗೆ ಸಿಗದಿರುವುದು ಇನ್ನೊಂದು ಅಡಚಣೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸಾಲ ತೀರುವತನಕ ಅದು ಸಾಲಿಗರ ಬಳಿಯೇ ಇರುತ್ತದೆ. ಹಲವು ರಾಜ್ಯಗಳಲ್ಲಿ ಅದು ಕಾಗದದ ರೂಪದಲ್ಲೇ ಇಲ್ಲ, ಗಣಕದಲ್ಲಿರುತ್ತದೆ. ಅದನ್ನು ಕಾಗದಕ್ಕಿಳಿಸಿ ತರಿಸಲು ವಾರಗಳೇ ಹಿಡಿಯಬಹುದು. ಮನೆ ಖಾಲಿ ಮಾಡುವ ದಿನಾಂಕ ನಿಗದಿಯಾದವರಿಗೆ ಈ ವಿಳಂಬ ಬಹಳ ದುಬಾರಿ.

ಕೆನಡಾದ ಕಡೆ ವಲಸೆ ಬಂದವರ ಸಾಮಾನುಗಳಿಗೆ ಸುಂಕ ವಿನಾಯಿತಿ ಇದೆ: ಬರುವ ಮೊದಲೇ ಆ ವಸ್ತು ಅವರ ಸ್ವಂತದ್ದಾಗಿರಬೇಕು, ಅವರ ವಶದಲ್ಲಿರಬೇಕು, ಬಳಸಿರಬೇಕು. ಲೀಸ್ ಕಾರನ್ನು ಅಲ್ಲಿನ ಕಸ್ಟಮ್ಸ್ ಸ್ವಂತದ್ದೆಂದು ಪರಿಗಣಿಸುವುದಿಲ್ಲ. ವಿನಾಯಿತಿಯಲ್ಲಿ ತಂದ ಕಾರನ್ನು ಮೊದಲ 12 ತಿಂಗಳೊಳಗೆ ಮಾರಿದರೆ ಸುಂಕ ಕಟ್ಟಬೇಕಾಗುತ್ತದೆ. ಸುಂಕ ಬಿಟ್ಟರೂ ಸುರಕ್ಷತಾ ನಿಯಮ ಬಿಡುವುದಿಲ್ಲ. ಆಮದಾದ ವಾಹನಗಳ ನೋಂದಣಿ ಕಚೇರಿಯಲ್ಲಿ ಕಾರನ್ನು ದಾಖಲಿಸಿ, ಕಂಪನಿಯ ರಿಕಾಲ್ ಬಾಕಿ ಇಲ್ಲವೆಂಬ ಪತ್ರ ಕೊಟ್ಟು, ಹಗಲಿನಲ್ಲೂ ಉರಿಯುವ ದೀಪದಂಥ ಕೆನಡಾದ ಅಗತ್ಯಗಳನ್ನು ಪೂರೈಸಿ, 45 ದಿನಗಳೊಳಗೆ ತಪಾಸಣೆ ಮುಗಿಸಬೇಕು.

ಮೆಕ್ಸಿಕೊದತ್ತ ತಾತ್ಕಾಲಿಕವಾಗಿ ಹೋಗುವವರಿಗೂ ಸಾಲವಿದ್ದರೆ ಬ್ಯಾಂಕಿನ ಪತ್ರ ಬೇಕೇಬೇಕು. ಅಮೆರಿಕದ ಸೈನಿಕರು ಸರ್ಕಾರಿ ಖರ್ಚಿನಲ್ಲಿ ಕಾರನ್ನು ಹೊರದೇಶಕ್ಕೆ ಸಾಗಿಸುವಾಗಲೂ ಸಾಲಿಗರ ಒಪ್ಪಿಗೆಪತ್ರ ತೋರಿಸಬೇಕು.

ಬ್ರಿಟನ್ ಮತ್ತು ಯುರೋಪು

ಬ್ರಿಟನ್ನಿನ ವಿ5ಸಿ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗುವುದಿಲ್ಲ. ಅದು ವಾಹನ ಯಾರ ಜವಾಬ್ದಾರಿಯಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. 12 ತಿಂಗಳು ಅಥವಾ ಹೆಚ್ಚು ಕಾಲ ಹೊರಗೆ ಒಯ್ದರೆ ಅದು ಕಾಯಂ ರಫ್ತು, ವಾಹನ ಪ್ರಾಧಿಕಾರಕ್ಕೆ ತಿಳಿಸಬೇಕು. ಬಾಡಿಗೆ ಅಥವಾ ಲೀಸ್ ಕಾರನ್ನು ಸ್ವಲ್ಪ ಕಾಲಕ್ಕೆ ಒಯ್ಯುವವರಿಗೆ ವಿಇ103 ಎಂಬ ಪ್ರಮಾಣಪತ್ರವಿದೆ, ಆದರೆ ನೆಲೆ ಬದಲಿಸುವವರಿಗೆ ಅದು ಆಗಿಬರುವುದಿಲ್ಲ.

ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ವಾಸಕ್ಕೆ ಬರುವವರಿಗೆ 2009ರ 1186ನೇ ನಿಯಮಾವಳಿ ಸುಂಕ ವಿನಾಯಿತಿ ಕೊಡುತ್ತದೆ. ಅರ್ಜಿದಾರರು ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಿದ್ದಿರಬೇಕು, ಕಾರು ಕನಿಷ್ಠ 6 ತಿಂಗಳು ಅವರ ಬಳಕೆಯಲ್ಲಿದ್ದಿರಬೇಕು. ಮುಂದಿನ ಷರತ್ತನ್ನು ಸಾಲದವರು ಎರಡು ಸಲ ಓದಿಕೊಳ್ಳಬೇಕು: ಆಮದಾದ 12 ತಿಂಗಳವರೆಗೆ ಆ ವಸ್ತುವನ್ನು ಸಾಲಕ್ಕೆ ಆಧಾರವಾಗಿ ಕೊಡುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಪರರಿಗೆ ವರ್ಗಾಯಿಸುವಂತಿಲ್ಲ. ಅಲ್ಲಿಗೆ ಹೋದ ಮೇಲೆ ಸ್ಥಳೀಯ ಬ್ಯಾಂಕಿನಲ್ಲಿ ಅದೇ ಕಾರಿನ ಮೇಲೆ ಹೊಸ ಸಾಲ ಮಾಡಿ ಹಳೆಯದನ್ನು ತೀರಿಸೋಣವೆಂದು ಯೋಜಿಸಿದವರಿಗೆ ಈ ಷರತ್ತು ಅಡ್ಡ ಬರುತ್ತದೆ.

ಕೊಲ್ಲಿ ದೇಶಗಳು ಮತ್ತು ಭಾರತ

ದುಬೈ, ಅಬುಧಾಬಿಗಳಲ್ಲಿ ಅಡಮಾನ ತೆರವಾಗದೆ ಕಾರಿಗೆ ರಫ್ತಿನ ಪ್ರಮಾಣಪತ್ರ ಸಿಗುವುದಿಲ್ಲ. ಹೀಗಾಗಿ ಬಾಕಿ ಕಟ್ಟಿ ಬ್ಯಾಂಕಿನಿಂದ ಬಿಡುಗಡೆ ಪತ್ರ ತರುವುದೇ ದಾರಿ. 2008ರ ಆರ್ಥಿಕ ಕುಸಿತದ ನಂತರ ಕೆಲಸ ಕಳೆದುಕೊಂಡವರು ಸಾಲದ ಕಾರುಗಳನ್ನು ದುಬೈ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೊರಟುಹೋದ ಸುದ್ದಿ ಜಗತ್ತಿನಾದ್ಯಂತ ಹರಡಿತು. ಆಗ ಅಲ್ಲಿ ಸಾಲಕ್ಕೆ ಭದ್ರತೆಯಾಗಿ ಕೊಟ್ಟ ಚೆಕ್ ಬೌನ್ಸ್ ಆದರೆ ಜೈಲು ಕಾದಿರುತ್ತಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆದ ಚೆಕ್ಕನ್ನು ಬಹುಮಟ್ಟಿಗೆ ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಹೆದರಿ ಓಡಿಬಂದವರನ್ನು ಹಳಿಯುವುದು ಸುಲಭ. ಆದರೆ ಕೆಲಸ ಹೋದರೆ ವೀಸಾ ಹೋಗುವ, ವೀಸಾ ಹೋದರೆ ನಿಗದಿತ ಅವಧಿಯೊಳಗೆ ದೇಶ ಬಿಡಬೇಕಾದ ವ್ಯವಸ್ಥೆಯಲ್ಲಿ ಐದು ವರ್ಷದ ಕಾರ್ ಲೋನ್ ಕೊಡುವುದೂ ಪಡೆಯುವುದೂ ಎರಡೂ ಕಡೆಗೆ ಅಪಾಯದ್ದೇ.

ಮಂಗಳೂರು, ಉಡುಪಿ, ಭಟ್ಕಳಗಳಿಗೆ ಮರಳುವವರು ಅಲ್ಲಿನ ಕಾರನ್ನು ತರುವ ಆಸೆಯನ್ನು ಮೊದಲೇ ಬಿಡಬೇಕು. ಕೊಲ್ಲಿಯ ಕಾರುಗಳ ಸ್ಟೀರಿಂಗ್ ಎಡಗಡೆ, ಭಾರತದ ಆಮದು ನೀತಿ ಕೇಳುವುದು ಬಲಗಡೆಯದನ್ನು. ಬಳಸಿದ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು, ಮುಂಬೈ ಬಂದರಿನ ಮೂಲಕವೇ ಬರಬೇಕು. ಮನೆ ಸಾಮಾನಿನ ಜತೆ ಸೇರಿಸಿ ತರೋಣವೆಂದರೆ 1962ರ ಕಸ್ಟಮ್ಸ್ ಕಾಯ್ದೆಯ ವ್ಯಾಖ್ಯೆಯಲ್ಲೇ ಮೋಟಾರು ವಾಹನ ಬ್ಯಾಗೇಜ್ ಅಲ್ಲ. ಆದ್ದರಿಂದ ನೆಲೆ ಬದಲಿಸುವವರಿಗೆ ಸಿಗುವ ಬ್ಯಾಗೇಜ್ ವಿನಾಯಿತಿ ಕಾರಿಗೆ ಇಲ್ಲ, ಸುಂಕವೂ ಭಾರಿ.

ಭಾರತದಿಂದ ಹೊರಗೆ ಒಯ್ಯುವವರು ವಿರಳ. ಒಯ್ಯುವುದಾದರೆ ಸಾಲ ತೀರಿಸಿ, ಬ್ಯಾಂಕಿನ ಎನ್‌ಒಸಿ ಮತ್ತು ಸಹಿಯಾದ ಫಾರಂ 35ರ ಎರಡು ಪ್ರತಿಗಳನ್ನು ಆರ್‌ಟಿಒಗೆ ಕೊಟ್ಟು ಹೈಪೊಥಿಕೇಶನ್ ತೆಗೆಸುವುದು ಮೊದಲ ಕೆಲಸ. ಸಾಲ ತೀರಿದ ಮಾತ್ರಕ್ಕೆ ಆರ್‌ಸಿಯ ನಮೂದು ತಾನಾಗಿ ಅಳಿಯುವುದಿಲ್ಲ ಎಂಬುದು ಅನೇಕರಿಗೆ ತಿಳಿಯುವುದು ಕಾರು ಮಾರಲು ಹೊರಟಾಗ.

ಕಾರ್ನೆ ಎಂಬ ತಾತ್ಕಾಲಿಕ ದಾರಿ

ಭೂಮಾರ್ಗವಾಗಿ ಲಂಡನ್ನಿಗೋ ಸಿಂಗಪುರಕ್ಕೋ ಹೋಗುವ ಸಾಹಸಿಗರು ಬಳಸುವ ಕಾರ್ನೆ ದ ಪಸಾಜ್ ಎಂಬ ದಾಖಲೆಯಿಂದ ಕಾರನ್ನು ಕಾಯಂ ಆಗಿಯೂ ಒಯ್ಯಬಹುದೆಂಬ ತಪ್ಪು ಕಲ್ಪನೆ ಇದೆ. ಇದನ್ನು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಂಥ ಸಂಘಗಳು ಭದ್ರತೆ ಪಡೆದು ಕೊಡುತ್ತವೆ. 1954ರ ನ್ಯೂಯಾರ್ಕ್ ಒಪ್ಪಂದದ ತಾತ್ಕಾಲಿಕ ಆಮದಿನ ತತ್ವದ ಮೇಲೆ ನಡೆಯುವ ವ್ಯವಸ್ಥೆಯಿದು. ಕಾರು ಮರಳಿ ಹೊರಹೋಗುತ್ತದೆ ಎಂಬ ಖಾತರಿಯ ಮೇಲೆ ಸುಂಕ ಮನ್ನಾ ಆಗುತ್ತದೆ. ಹೊಸ ದೇಶದಲ್ಲೇ ನೆಲೆಸಲು ಹೋಗುವವರಿಗೆ ಇದು ಸಲ್ಲದು.

ಆಯ್ಕೆಗಳು

ಹೆಚ್ಚಿನವರ ಪಾಲಿಗೆ ಕಾರನ್ನು ಮಾರಿ ಸಾಲ ತೀರಿಸಿ ಹೊರಡುವುದೇ ಲಾಭ. ಮೊದಲು ಸಾಲಿಗರಿಂದ ಇಂಥ ದಿನಕ್ಕೆ ಪೂರ್ಣ ಬಾಕಿ ಎಷ್ಟು ಎಂಬ ಲಿಖಿತ ಲೆಕ್ಕ ಕೇಳಬೇಕು. ಅದರಲ್ಲಿ ಅಸಲು, ಆ ದಿನದವರೆಗಿನ ಬಡ್ಡಿ, ಅವಧಿಗೆ ಮುನ್ನ ತೀರಿಸುವ ಶುಲ್ಕ, ತಡವಾದರೆ ದಿನಕ್ಕೆ ಸೇರುವ ಬಡ್ಡಿ ಇರುತ್ತದೆ. ಕಾರಿನ ಮಾರುಕಟ್ಟೆ ಬೆಲೆ ಬಾಕಿಗಿಂತ ಕಡಿಮೆ ಇದ್ದರೆ ವ್ಯತ್ಯಾಸವನ್ನು ಕೈಯಿಂದ ಕಟ್ಟಬೇಕು. ಹೊಸ ಕಾರು ಕೊಂಡ ಮೊದಲ ವರ್ಷಗಳಲ್ಲಿ ಬೆಲೆ ಇಳಿಯುವ ವೇಗ ಅಸಲು ತೀರುವ ವೇಗವನ್ನು ಮೀರುವುದರಿಂದ ಇದು ಸಾಮಾನ್ಯ. ಕಾರಿನ ಆಧಾರವಿಲ್ಲದ ವೈಯಕ್ತಿಕ ಸಾಲ ತೆಗೆದು ಕಾರ್ ಲೋನ್ ಮುಗಿಸಿದರೆ ಟೈಟಲ್ ಬಿಡುಗಡೆಯಾಗುತ್ತದೆ, ಆದರೆ ಬಡ್ಡಿ ಹೆಚ್ಚು.

ಇನ್ಶೂರೆನ್ಸ್ ಇನ್ನೊಂದು ಕುಣಿಕೆ. ಸಾಲ ಇರುವಷ್ಟೂ ಕಾಲ ಪೂರ್ಣ ವಿಮೆ ಇರಲೇಬೇಕೆಂದು ಕರಾರು ಹೇಳುತ್ತದೆ. ಅಮೆರಿಕದ ಪಾಲಿಸಿ ಸಾಮಾನ್ಯವಾಗಿ ಕೆನಡಾದ ಪ್ರವಾಸಕ್ಕೆ ಅನ್ವಯಿಸುತ್ತದೆ, ಮೆಕ್ಸಿಕೊಗೆ ಅನ್ವಯಿಸುವುದಿಲ್ಲ, ಕೆನಡಾದಲ್ಲಿ ನೆಲೆಸಿದ ಮೇಲೆ ಅಲ್ಲಿನ ಪಾಲಿಸಿಯೇ ಬೇಕು. ಹಡಗಿನಲ್ಲಿರುವಷ್ಟು ದಿನಕ್ಕೆ ಪ್ರತ್ಯೇಕ ಸಾಗರ ವಿಮೆ ಬೇಕು. ನಡುವೆ ವಿಮೆ ಒಂದು ದಿನ ತಪ್ಪಿದರೂ ಕರಾರಿನ ಉಲ್ಲಂಘನೆಯಾಗಬಹುದು.

ಕಾರನ್ನು ಊರಲ್ಲೇ ಮನೆಯವರ ಬಳಕೆಗೆ ಬಿಟ್ಟು, ಕಂತನ್ನು ವಿದೇಶದಿಂದ ಕಟ್ಟುತ್ತ ಹೋಗುವುದು ಭಾರತದಿಂದ ಹೊರಡುವ ಬಹಳ ಮಂದಿ ಆರಿಸುವ ದಾರಿ. ಕೆಲಸಕ್ಕಾಗಿ ದೇಶ ಬಿಟ್ಟವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ) ಖಾತೆಯಾಗಿ ಬದಲಿಸಬೇಕೆಂದು ವಿದೇಶಿ ವಿನಿಮಯ ನಿಯಮ ಹೇಳುತ್ತದೆ. ಹಾಗೆ ಬದಲಾಗುವಾಗ ಇಎಂಐಗೆ ಕೊಟ್ಟಿದ್ದ ಸ್ವಯಂ ಪಾವತಿಯ ಒಪ್ಪಿಗೆ ಹೊಸ ಖಾತೆಯಲ್ಲೂ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ಖಚಿತಪಡಿಸಿಕೊಂಡು, ಅಗತ್ಯವಿದ್ದರೆ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಟ್ಟು ಹೋಗಬೇಕು.