ಫ್ಲಾಪಿ ಡ್ರೈವಿನ ಮಾರ್ಪಾಡು ಮತ್ತು ದಾಖಲೆಗಳ ಉಳಿವು: ಕೊಪ್ಪಳ ಜಿಲ್ಲೆಯ ಹಿನ್ನೆಲೆಯಲ್ಲಿ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಕಿರುಬಂಡೆ ಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದವು. ಒಂದೇ ಪಾಠದ ಈ ಎರಡು ಪ್ರತಿಗಳಲ್ಲಿ ಗವಿಮಠದ್ದು ಸುಸ್ಥಿತಿಯಲ್ಲಿದೆ. ಪಾಲ್ಕಿಗುಂಡಿನದು ಬಹುಮಟ್ಟಿಗೆ ಸವೆದಿದೆ. ಸವೆದ ಪಾಠವನ್ನು ಉಳಿದ ಪ್ರತಿಯ ನೆರವಿನಿಂದ ಓದುವುದು ಶಾಸನಶಾಸ್ತ್ರದ ಪರಿಚಿತ ವಿಧಾನ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಫ್ಲಾಪಿಗಳಲ್ಲಿ ಬರೆದಿಟ್ಟ ದಾಖಲೆಗಳಿಗೂ ಇಂತಹದೇ ವಿಧಾನ ಅಗತ್ಯವಾಗಿದೆ. ವ್ಯತ್ಯಾಸವೆಂದರೆ, ಬಂಡೆಯನ್ನು ಓದಲು ಕಣ್ಣು ಸಾಕು; ಫ್ಲಾಪಿಯನ್ನು ಓದಲು ಅದರ ಕಾಲದ ಯಂತ್ರವೇ ಬೇಕು. ಆ ಯಂತ್ರವನ್ನು ದುಡಿಯುವ ಸ್ಥಿತಿಗೆ ತರುವ ಮಾರ್ಪಾಡುಗಳ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. ಕಡತಗಳನ್ನು ಗಣಕದಿಂದ ಗಣಕಕ್ಕೆ ಒಯ್ಯಲು ಆಗ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಸಾಧನ ಮೂರೂವರೆ ಅಂಗುಲದ ಫ್ಲಾಪಿ. ಹೀಗಾಗಿ ಜಿಲ್ಲೆಯ ಜನನವೂ ಗಣಕ ದಾಖಲೆಗಳ ಮೊದಲ ಹಂತವೂ ಒಂದೇ ಕಾಲಕ್ಕೆ ಸೇರುತ್ತವೆ.

ಫ್ಲಾಪಿಯ ಇತಿಹಾಸ ಐ.ಬಿ.ಎಂ. ಸಂಸ್ಥೆಯು ೧೯೭೧ರಲ್ಲಿ ಹೊರತಂದ ಎಂಟು ಅಂಗುಲದ ತಟ್ಟೆಯಿಂದ ಆರಂಭವಾಗುತ್ತದೆ. ೧೯೭೬ರಲ್ಲಿ ಶುಗಾರ್ಟ್ ಸಂಸ್ಥೆ ಐದೂಕಾಲು ಅಂಗುಲದ ಡ್ರೈವನ್ನು ಪರಿಚಯಿಸಿತು. ೧೯೮೦ರ ದಶಕದಲ್ಲಿ ಸೋನಿ ಸಂಸ್ಥೆಯ ಮೂರೂವರೆ ಅಂಗುಲದ ತಟ್ಟೆ ಬಳಕೆಗೆ ಬಂದಿತು. ಇವುಗಳ ನಡುವಿನ ಭೇದ ಗಾತ್ರಕ್ಕಷ್ಟೇ ಸೀಮಿತವಲ್ಲ. ೩೬೦ ಕಿಲೋಬೈಟಿನ ಐದೂಕಾಲು ಅಂಗುಲದ ತಟ್ಟೆಯ ಪ್ರತಿ ಮುಖದಲ್ಲಿ ೪೦ ಪಥಗಳಿದ್ದು, ಅದರ ಡ್ರೈವು ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆ. ಅದೇ ಗಾತ್ರದ ೧.೨ ಮೆಗಾಬೈಟಿನ ತಟ್ಟೆಯಲ್ಲಿ ೮೦ ಪಥಗಳು. ವೇಗ ೩೬೦ ಸುತ್ತು. ಎರಡನೆಯ ಬಗೆಯ ಡ್ರೈವಿನ ಓದುಮುಖವು ಕಿರಿದಾಗಿರುವುದರಿಂದ, ಅದರಲ್ಲಿ ತಿದ್ದಿ ಬರೆದ ಹಳೆಯ ತಟ್ಟೆಯನ್ನು ಮೂಲ ಡ್ರೈವು ಅನೇಕ ವೇಳೆ ಓದಲಾರದು: ಹೊಸ ಕಿರುಪಥದ ಅಂಚಿನಲ್ಲಿ ಹಳೆಯ ಬರಹದ ಶೇಷ ಉಳಿದುಕೊಂಡು ಎರಡೂ ಬೆರೆಯುತ್ತವೆ. ಹಳೆಯ ಬರಹವನ್ನು ಅರ್ಧ ಅಳಿಸಿ ಅದರ ಮೇಲೆಯೇ ಬರೆದ ಓಲೆಯ ಸ್ಥಿತಿ ಇದು.

ಡ್ರೈವುಗಳಲ್ಲಿ ಮಾಡುವ ಮಾರ್ಪಾಡುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವಿಶ್ವಾಸಾರ್ಹತೆಗೆ ಸಂಬಂಧಿಸಿದ್ದು. ತಟ್ಟೆಯ ಕಾಂತೀಯ ಲೇಪನವನ್ನು ಹಿಡಿದಿಡುವ ಅಂಟು ತೇವಕ್ಕೆ ಸಡಿಲಗೊಳ್ಳುತ್ತದೆ. ಬೂಷ್ಟು ಹಿಡಿಯುವುದೂ ಉಂಟು. ಸಡಿಲವಾದ ಲೇಪನ ಓದುಮುಖಕ್ಕೆ ಮೆತ್ತಿಕೊಂಡರೆ ಮುಂದಿನ ತಟ್ಟೆಗಳನ್ನೂ ಗೀರಿ ಕೆಡಿಸುತ್ತದೆ. ಆದ್ದರಿಂದ ಓದುಮುಖವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಗೊಳಿಸುವುದು, ಅದು ಸರಿದಾಡುವ ಸರಳುಗಳಲ್ಲಿ ಒಣಗಿದ ಎಣ್ಣೆಯನ್ನು ತೆಗೆಯುವುದು, ಹಳೆಯ ಡ್ರೈವುಗಳ ಜಡ್ಡುಗಟ್ಟಿದ ರಬ್ಬರ್ ಬೆಲ್ಟನ್ನು ಬದಲಿಸುವುದು ಮೊದಲ ಕೆಲಸಗಳು. ಬೇಸಿಗೆಯ ಧೂಳಿಗೂ ಮಳೆಗಾಲದ ತೇವಕ್ಕೂ ಒಡ್ಡಿಕೊಂಡ ಬಯಲುಸೀಮೆಯ ಸಂಗ್ರಹಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ಎರಡನೆಯದು ಹೊಂದಾಣಿಕೆಗೆ ಸಂಬಂಧಿಸಿದ್ದು. ೩೪ ತಂತಿಗಳ ಒಂದೇ ಬಗೆಯ ಕೇಬಲ್ಲನ್ನು ಬಳಸಿದರೂ ಎಲ್ಲ ಗಣಕಗಳೂ ಅದರ ಸಂಕೇತಗಳನ್ನು ಒಂದೇ ರೀತಿ ಬಳಸಲಿಲ್ಲ. ೩೪ನೆಯ ತಂತಿ ಕೆಲವು ಯಂತ್ರಗಳಲ್ಲಿ ‘ತಟ್ಟೆ ಬದಲಾಗಿದೆ’ ಎಂದು ಸೂಚಿಸಿದರೆ, ಇನ್ನು ಕೆಲವದರಲ್ಲಿ ‘ಡ್ರೈವು ಸಿದ್ಧವಾಗಿದೆ’ ಎಂದು ಸೂಚಿಸುತ್ತದೆ. ಡ್ರೈವಿನ ಕ್ರಮಸಂಖ್ಯೆಯನ್ನು ನಿರ್ಧರಿಸುವ ಜಂಪರನ್ನು ಸ್ಥಳಾಂತರಿಸಿ, ಅದಿಲ್ಲದ ಕಡೆ ಫಲಕದ ಮೇಲಿನ ತಾಮ್ರದ ಗೆರೆಯನ್ನು ಕತ್ತರಿಸಿ ಬೇರೆಡೆ ಬೆಸುಗೆ ಹಾಕಿ ಈ ಭೇದಗಳನ್ನು ನಿವಾರಿಸಲಾಗುತ್ತದೆ. ಓದುಮುಖದ ಜೋಡಣೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಜೋಡಣೆ ತಪ್ಪಿದ ಡ್ರೈವಿನಲ್ಲಿ ಬರೆದ ತಟ್ಟೆಯನ್ನು ಸರಿಯಾದ ಡ್ರೈವು ಓದದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಒಂದು ಡ್ರೈವಿನ ಜೋಡಣೆಯನ್ನು ಉದ್ದೇಶಪೂರ್ವಕವಾಗಿ ಅಷ್ಟೇ ತಪ್ಪಿಸಿದಾಗ ದಾಖಲೆ ತೆರೆದುಕೊಳ್ಳುತ್ತದೆ. ಲಿಪಿಕಾರನ ದೋಷವನ್ನು ಅರಿಯದೆ ಪ್ರತಿಯನ್ನು ಓದಲಾಗದೆಂಬ ಗ್ರಂಥಸಂಪಾದನೆಯ ಅನುಭವವನ್ನು ಇಲ್ಲಿ ನೆನೆಯಬಹುದು.

ಕಡತಗಳನ್ನಲ್ಲದೆ ತಟ್ಟೆಯ ಕಾಂತೀಯ ಬದಲಾವಣೆಗಳನ್ನೇ ಯಥಾವತ್ತಾಗಿ ದಾಖಲಿಸಿಕೊಳ್ಳುವ ಕ್ರಯೊಫ್ಲಕ್ಸ್, ಗ್ರೀಸ್‌ವೀಸಲ್ ಮುಂತಾದ ಸಾಧನಗಳು ಈ ಕಾರ್ಯಕ್ಕೆ ಬಲ ತಂದಿವೆ. ಒಂದೇ ಪಥವನ್ನು ಹಲವು ಬಾರಿ ಓದಿ ಹೋಲಿಸಲು ಇವು ಅವಕಾಶ ಕೊಡುತ್ತವೆ. ಡಾಸ್ ವ್ಯವಸ್ಥೆಯ ಫ್ಲಾಪಿಯಲ್ಲಿ ಕಡತಗಳ ನೆಲೆಯನ್ನು ಸೂಚಿಸುವ ಪಟ್ಟಿಯ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ನೆರವಿಗೆ ಬರುತ್ತದೆ. ಗವಿಮಠ ಮತ್ತು ಪಾಲ್ಕಿಗುಂಡುಗಳ ಸಂಬಂಧವೇ ಇಲ್ಲಿ ಯಂತ್ರರೂಪದಲ್ಲಿದೆ.

ಕನ್ನಡ ದಾಖಲೆಗಳಿಗೆ ಮತ್ತೊಂದು ತೊಡಕಿದೆ. ೧೯೯೦ರ ದಶಕದ ಕನ್ನಡ ತಂತ್ರಾಂಶಗಳು ಒಂದೇ ಸಂಕೇತಸಂಖ್ಯೆಗೆ ಬೇರೆಬೇರೆ ಅಕ್ಷರಭಾಗಗಳನ್ನು ಹೊಂದಿಸಿಕೊಂಡಿದ್ದವು. ಆದ್ದರಿಂದ ಕಡತ ಪೂರ್ಣವಾಗಿ ದೊರೆತರೂ ಅದರ ಫಾಂಟು ಯಾವುದೆಂದು ತಿಳಿಯದಿದ್ದರೆ ಪಠ್ಯ ಅರ್ಥಹೀನ ಚಿಹ್ನೆಗಳ ಸಾಲಾಗುತ್ತದೆ. ತಟ್ಟೆಯ ಮೇಲಿನ ಚೀಟಿ, ಬಳಸಿದ ತಂತ್ರಾಂಶದ ಹೆಸರು ಇವೂ ಆಕರಗಳೇ ಎಂಬುದನ್ನು ಮರೆಯಬಾರದು.

ದಾಖಲೆಗಳನ್ನು ಕಾಲಕಾಲಕ್ಕೆ ಹೊಸ ನೆಲೆಗೆ ಸಾಗಿಸಿದರೆ ಅವು ಉಳಿಯುತ್ತವೆ ಎಂಬುದಕ್ಕೆ ‘ಭೂಮಿ’ ಯೋಜನೆ ನಿದರ್ಶನ. ೨೦೦೦ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗಳು ಗಣಕಕ್ಕೆ ಸೇರಿದವು. ಸುಮಾರು ಎರಡು ಕೋಟಿ ದಾಖಲೆಗಳ ಈ ಸಂಗ್ರಹ ನಿತ್ಯ ಬಳಕೆಯಲ್ಲಿದ್ದುದರಿಂದಲೇ ಹೊಸ ವ್ಯವಸ್ಥೆಗಳಿಗೆ ಸಾಗುತ್ತ ಬಂದಿದೆ. ಲೇಖಕರ ಮನೆ, ಮುದ್ರಣಾಲಯ, ಸಂಘಸಂಸ್ಥೆಗಳ ಕಪಾಟುಗಳಲ್ಲಿ ಉಳಿಯುವ ಫ್ಲಾಪಿಗಳಿಗೆ ಅಂತಹ ನಿತ್ಯದ ಬಳಕೆದಾರರಿಲ್ಲ. ಜಮೀನಿನ ಹಕ್ಕು ಉಳಿದು, ಆ ಜಮೀನಿನ ಜನರ ಕಥೆ, ಹಾಡು, ಸ್ಥಳೇತಿಹಾಸಗಳ ಕರಡು ಅಳಿದರೆ ಜಿಲ್ಲೆಯ ಚರಿತ್ರೆ ಏಕಮುಖವಾಗುತ್ತದೆ.

ಈ ಹಿನ್ನೆಲೆಯಲ್ಲಿ ಗ್ರಂಥಾಲಯಗಳು ಹಳೆಯ ಡ್ರೈವುಗಳನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಬೇಕಾಗಿದೆ. ಸೋನಿ ಸಂಸ್ಥೆ ೨೦೧೧ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು ನಿಲ್ಲಿಸಿತು. ಓದುವ ಮೊದಲು ತಟ್ಟೆಗೆ ಬರಹನಿರೋಧ ಮಾಡುವುದು, ಡ್ರೈವಿನಲ್ಲಿ ಮಾಡಿದ ಪ್ರತಿಯೊಂದು ಮಾರ್ಪಾಡನ್ನೂ ಬರೆದಿಡುವುದು, ಮೂಲ ಪ್ರತಿಬಿಂಬವನ್ನೂ ಯುನಿಕೋಡ್ ಪಠ್ಯವನ್ನೂ ಜೊತೆಯಾಗಿ ಕಾಪಾಡುವುದು ಈ ಕಾರ್ಯದ ಕನಿಷ್ಠ ಶಿಸ್ತು. ಬಂಡೆಯ ಬರಹ ಓದುಗನಿಗಾಗಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಾದಿತು. ಕಾಂತೀಯ ಬರಹಕ್ಕೆ ಅಷ್ಟು ತಾಳಿಕೆಯಿಲ್ಲ.