ಪ್ರದರ್ಶನ ಕಾಣದ ನಾಟಕವೊಂದರ ಸಾಕ್ಷ್ಯ

ದೇವನಹಳ್ಳಿಯ ಕೋಟೆಯು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. 1749ರ ಮುತ್ತಿಗೆಯಲ್ಲಿ ಹೈದರ್ ಅಲಿಗೆ ಹೆಸರು ತಂದ ಈ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯವು ವಶಪಡಿಸಿಕೊಂಡಿತು. ಹೊರಗಿನ ಶತ್ರುವನ್ನು ತಡೆಯಲೆಂದು ಎದ್ದ ಅದರ ಗೋಡೆಗಳೊಳಗೆ ಇಂದಿಗೂ ಜನವಸತಿಯಿದೆ. ಅದೇ ಶತಮಾನದಲ್ಲಿ, 1780ರಲ್ಲಿ, ಬೊಹಿಮಿಯದಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ತೆರೆಜೀನ್ ಎಂಬ ಕೋಟೆಯನ್ನು ಕಟ್ಟಿಸತೊಡಗಿದನು. ಅದರ ಗತಿ ಬೇರೆಯಾಯಿತು. 1941ರ ನವೆಂಬರಿನಿಂದ ನಾಜಿಗಳು ಅದನ್ನು ಯೆಹೂದ್ಯರ ಬಂದೀಖಾನೆಯಾಗಿ ಮಾರ್ಪಡಿಸಿದರು. ಅಲ್ಲಿಗೆ ತಂದ ಸುಮಾರು 1,40,000 ಜನರಲ್ಲಿ 33,000ದಷ್ಟು ಮಂದಿ ಅಲ್ಲಿಯೇ ಮಡಿದರು; ಸುಮಾರು 88,000 ಮಂದಿಯನ್ನು ಆಷ್‌ವಿಟ್ಸ್ ಮೊದಲಾದ ಕಡೆಗೆ ಸಾಗಿಸಲಾಯಿತು.

ಈ ಬಂದಿಗಳಲ್ಲಿ ಒಬ್ಬನಾದ ಪ್ರಾಗ್ ನಗರದ ಹಾಸ್ಯನಟ ಕರೆಲ್ ಷ್ವೆಂಕನು 'ಕಡೆಯ ಸೈಕಲ್ ಸವಾರ' ಎಂಬ ನಾಟಕವನ್ನು ರಚಿಸಿದನು. ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವರು ರಾಜ್ಯವನ್ನು ಹಿಡಿದು, ಲೋಕದ ಕೇಡಿಗೆಲ್ಲ ಸೈಕಲ್ ಸವಾರರೇ ಕಾರಣರೆಂದು ಸಾರುತ್ತಾರೆ. ಸವಾರರ ವಂಶಜರನ್ನೂ ಹುಡುಕಿ ಹಿಂಸಿಸುತ್ತಾರೆ. ಕಡೆಗೆ ಉಳಿದ ಒಬ್ಬನನ್ನು ಚಂದ್ರಲೋಕಕ್ಕೆ ಅಟ್ಟಲು ಸಿದ್ಧವಾದ ರಾಕೆಟ್ಟು ಆಳುವವರನ್ನೇ ಹೊತ್ತು ಹಾರಿಹೋಗುತ್ತದೆ. 1944ರಲ್ಲಿ ಅಭ್ಯಾಸವೆಲ್ಲ ಮುಗಿದ ಮೇಲೆ, ನಾಜಿಗಳ ಪ್ರತೀಕಾರಕ್ಕೆ ಅಂಜಿ, ಯೆಹೂದ್ಯ ಹಿರಿಯರ ಮಂಡಳಿಯೇ ಇದನ್ನು ನಿಷೇಧಿಸಿತು. ಷ್ವೆಂಕನು 1945ರಲ್ಲಿ, ಯುದ್ಧ ಮುಗಿಯುವ ಮುನ್ನವೇ, ಮೃತನಾದನು.

ಹಿರಿಯರನ್ನು ಹೇಡಿಗಳೆನ್ನುವುದು ಸುಲಭ. ಆದರೆ ನಾಟಕದ ಅರ್ಥವನ್ನು ಅವರು ಚೆನ್ನಾಗಿ ಗ್ರಹಿಸಿದ್ದರೆಂಬುದಕ್ಕೆ ಆ ನಿಷೇಧವೇ ಪ್ರಮಾಣ. ಸಾವಿರಾರು ಜೀವಗಳ ಹೊಣೆ ಹೊತ್ತವರನ್ನು ನಾವು ನಿರ್ಭಯವಾದ ಕೊಠಡಿಯಲ್ಲಿ ಕುಳಿತು ಅಳೆಯಲಾಗದು. ಇದಕ್ಕೆ ಪ್ರತಿಯಾಗಿ, ಹಾನ್ಸ್ ಕ್ರಾಸಾನ 'ಬ್ರುಂಡಿಬಾರ್' ಎಂಬ ಮಕ್ಕಳ ಗೀತನಾಟಕವು ಅಲ್ಲಿ 55 ಸಲ ಪ್ರದರ್ಶಿತವಾಯಿತು. ಬಂದಿಗಳಿಗೆ ಅದು ನಿಜವಾದ ಸಾಂತ್ವನವಾಗಿದ್ದಿತು. ಆದರೂ 1944ರ ಜೂನ್ 23ರಂದು ರೆಡ್‌ಕ್ರಾಸ್ ಪ್ರತಿನಿಧಿಗಳು ಬಂದಾಗ ನಾಜಿಗಳು ಅದನ್ನೇ ತಮ್ಮ ವಂಚನೆಗೆ ಬಳಸಿಕೊಂಡರು. ಆದಕಾರಣ ಪ್ರದರ್ಶನಗಳ ಸಂಖ್ಯೆಯನ್ನು ಮಾತ್ರ ನೋಡಿ ಆ ರಂಗಭೂಮಿಯ ಸ್ಥಿತಿಯನ್ನು ನಿರ್ಣಯಿಸುವವನು ಮೋಸಹೋಗುವನು.

ಇನ್ನೊಂದು ತೊಡಕಿದೆ. ಷ್ವೆಂಕನ ನಾಟಕವು ನಮಗೆ ದೊರೆತಿರುವುದು ತಂಡದಲ್ಲಿದ್ದು ಬದುಕುಳಿದ ನಟಿ ಯಾನಾ ಷೆದೋವಾಳ ನೆನಪಿನಿಂದ. 1961ರಲ್ಲಿ ಆಕೆ ಅದನ್ನು ಪ್ರಾಗಿನ ರಂಗಕ್ಕಾಗಿ ಪುನಾರಚಿಸಿದಳು. ಹದಿನೇಳು ವರ್ಷಗಳ ಅನಂತರದ ನೆನಪನ್ನು ಇತಿಹಾಸಕಾರನು ನಂಬಬಹುದೇ? ದೇವನಹಳ್ಳಿಯ ಸುತ್ತಣ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು 'ಕುರುಕ್ಷೇತ್ರ'ವನ್ನು ಕಲಿಸುವುದನ್ನು ಕಂಡವರು ಉತ್ತರವನ್ನು ಊಹಿಸಬಲ್ಲರು. ಬಾಯಿಪಾಠದ ನಾಟಕದಲ್ಲಿ ಮಾತು ಬದಲಾದೀತು. ಕಥೆಯ ಕಟ್ಟು ಅಷ್ಟು ಬೇಗ ಅಳಿಯದು. ಆದುದರಿಂದ ಈ ಪಠ್ಯದ ಒಂದೊಂದು ಮಾತನ್ನೂ 1944ರದೆಂದು ನಾವು ಉಲ್ಲೇಖಿಸಲಾಗದು. ಬಂದಿಗಳು ತಮ್ಮನ್ನು ಕೊಲ್ಲುತ್ತಿದ್ದ ಸಿದ್ಧಾಂತದ ಹುಚ್ಚುತನವನ್ನು ಅರಿತಿದ್ದರು, ಅದನ್ನು ಕಂಡು ನಗಬಲ್ಲವರಾಗಿದ್ದರು ಎಂಬುದನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಹುದು.

ಮಡಿದವರ ಸಂಖ್ಯೆಯನ್ನು ದಾಖಲೆಗಳು ತಿಳಿಸುತ್ತವೆ. ಅವರು ಏನನ್ನು ತಿಳಿದಿದ್ದರೆಂಬುದಕ್ಕೆ ಇಂತಹ ಅಪೂರ್ಣ ಸಾಕ್ಷ್ಯಗಳನ್ನೇ ಆಶ್ರಯಿಸಬೇಕು. ಅವನ್ನು ಶೋಧಿಸಿ ಸ್ವೀಕರಿಸಬೇಕಲ್ಲದೆ ತಳ್ಳಿಹಾಕಬಾರದೆಂಬುದು ನಮ್ಮ ಅಭಿಪ್ರಾಯ.